ಆಸ್ಪತ್ರೆಯಿಂದ ಮನೆಗೆ ಬರುವಾಗ ಮಾತ್ರೆಯ ಲೆಕ್ಕವೂ ತಾಳೆಯಾಗಬೇಕು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಆರೋಗ್ಯ ತಪಾಸಣಾ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ಹೇಳಿದಾಗ ನಾವು ಹಿಂದೇಟು ಹಾಕಿದೆವು. ನಾವು ಓದಿರುವುದು ಎಸ್ಸೆಸ್ಸೆಲ್ಸಿ. ಕಸುಬು ಬೇಸಾಯ. ಒಂದಿಷ್ಟು ಅಡಿಕೆ, ಒಂದಿಷ್ಟು ರಾಗಿ, ಮೆಕ್ಕೆಜೋಳ, ಕೊಟ್ಟಿಗೆಯಲ್ಲಿ ನಾಲ್ಕು ಹಸು. ಈ ಸಂಘ ಶುರುವಾದಾಗ ನಾವಿನ್ನೂ ಇಪ್ಪತ್ತರ ಹುಡುಗರು, ಲಾರಿಗೆ ಕ್ಯಾನು ಎತ್ತಿ ಹಾಕಿದವರು. ಡಾಕ್ಟರ ಮುಂದೆ ನಿಂತು ಔಷಧದ ಬಗ್ಗೆ ಮಾತಾಡುವ ಯೋಗ್ಯತೆ ನಮಗಿಲ್ಲ. ಆದರೂ ಒಪ್ಪಿಕೊಂಡೆವು. ಯಾಕೆಂದರೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಇನ್ನೊಬ್ಬರ ಮನೆಯಲ್ಲಿ ನಡೆಯಬಾರದು ಎಂಬ ಆಸೆ ನಮಗಿದೆ. ಅದನ್ನು ಮುಚ್ಚಿಟ್ಟುಕೊಂಡರೆ ಯಾರಿಗೂ ಉಪಯೋಗವಿಲ್ಲ.

ಡೈರಿಯಲ್ಲಿ ನಾವು ಕಲಿತ ವಿದ್ಯೆ ಎಂದರೆ ತಾಳೆ ನೋಡುವುದು. ಹಾಲು ಹಾಕಿದವರ ಕಾರ್ಡಿನಲ್ಲಿ ಒಂದು ಅಂಕಿ, ಸಂಘದ ರಿಜಿಸ್ಟರಿನಲ್ಲಿ ಒಂದು ಅಂಕಿ. ಎರಡೂ ಒಂದೇ ಇರಬೇಕು. ಫೀಡ್ ಮೂಟೆಯ ದಾಸ್ತಾನಿಗೂ ಹಾಗೆಯೇ. ಆರಂಭ ಶಿಲ್ಕು ಎಷ್ಟು, ಬಂದದ್ದೆಷ್ಟು, ಹೋದದ್ದೆಷ್ಟು, ಅಖೈರು ಶಿಲ್ಕು ಎಷ್ಟು ಎಂದು ಬರೆದು ಕೂಡಿ ಕಳೆದು ನೋಡದೆ ನಮ್ಮ ಕಾರ್ಯದರ್ಶಿಗಳು ಬೀಗ ಹಾಕುವುದಿಲ್ಲ. ಬಟವಾಡೆ ದಿನ ಅರ್ಧ ಲೀಟರ್ ವ್ಯತ್ಯಾಸ ಬಂದರೂ ನಮ್ಮ ಅಕ್ಕಂದಿರು ಬಿಡುವುದಿಲ್ಲ, ಬಿಡಲೂಬಾರದು. ಇಷ್ಟೆಲ್ಲ ಲೆಕ್ಕ ಬಲ್ಲ ನಾವು, ನಮ್ಮನ್ನು ಹೆತ್ತ ತಾಯಿ ನುಂಗುವ ಮಾತ್ರೆಯನ್ನು ಮಾತ್ರ ತಾಳೆ ನೋಡಲಿಲ್ಲ.

ನಡೆದದ್ದು ಇಷ್ಟು. ಎರಡು ವರ್ಷದ ಹಿಂದೆ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಅವ್ವನಿಗೆ ಜ್ವರ, ಕೆಮ್ಮು, ಉಬ್ಬಸ ಬಂತು. ಆಕೆಗೆ ಮೊದಲೇ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಊರಿನ ಹತ್ತಿರದ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಏಳೆಂಟು ವರ್ಷದಿಂದ ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಕೆಮ್ಮು ಜೋರಾದ ಮೇಲೆ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಎದೆಯಲ್ಲಿ ನ್ಯುಮೋನಿಯ ಎಂದರು. ಆರು ದಿನ ಇಟ್ಟುಕೊಂಡು ಚೆನ್ನಾಗಿಯೇ ನೋಡಿದರು, ಗುಣವೂ ಆಯಿತು. ಆ ಮಾತನ್ನು ನಾವು ಮರೆಯಬಾರದು.

ಡಿಸ್ಚಾರ್ಜ್ ದಿನ ಏನಾಗುತ್ತದೆ ಎಂಬುದು ಆಸ್ಪತ್ರೆ ಕಂಡವರಿಗೆಲ್ಲ ಗೊತ್ತು. ಬೆಳಿಗ್ಗೆ ಮನೆಗೆ ಹೋಗಬಹುದು ಎನ್ನುತ್ತಾರೆ, ಬಿಲ್ಲು ಕೈಗೆ ಬರುವಾಗ ಮಧ್ಯಾಹ್ನ ಮೂರು ಗಂಟೆ. ಔಷಧದ ಕೌಂಟರಿನಲ್ಲಿ ಒಂದು ಚೀಲ ಮಾತ್ರೆ ಕೊಟ್ಟರು. ಇಂಗ್ಲಿಷಿನಲ್ಲಿ ಟೈಪಾದ ಮೂರು ಹಾಳೆ ಕೊಟ್ಟರು. ಸಿಸ್ಟರೊಬ್ಬರು ಬಂದು, "ಇದು ಬೆಳಿಗ್ಗೆ ರಾತ್ರಿ ಊಟಕ್ಕೆ ಮುಂಚೆ, ಇದು ಆದಮೇಲೆ, ಹದಿನೈದು ದಿನ ಬಿಟ್ಟು ಬನ್ನಿ" ಎಂದರು. ಆ ಹೊತ್ತಿಗೆ ಪಕ್ಕದ ಮಂಚದಿಂದ ಅವರನ್ನು ಕೂಗಿದರು, ಹೋದರು. ನಮಗೂ ಬಸ್ಸಿನ ಅವಸರ, ಸಂಜೆ ಹಾಲು ಕರೆಯುವ ಅವಸರ. ಏನೂ ಕೇಳಲಿಲ್ಲ. ಮನೆಯಲ್ಲಿ ಹಳೇ ಮಾತ್ರೆ ಇದೆ ಎಂದು ನಾವು ಹೇಳಲೂ ಇಲ್ಲ, ಇದೆಯೇ ಎಂದು ಅವರು ಕೇಳಲೂ ಇಲ್ಲ.

ಮನೆಗೆ ಬಂದ ರಾತ್ರಿ ಅವ್ವ ಕೇಳಿದರು, "ಈ ಹಳೇ ಮಾತ್ರೆ ಏನ್ ಮಾಡ್ಲಪ್ಪಾ?" ಮನೆಯಲ್ಲಿ ಓದು ಬಲ್ಲವರು, ಸಂಘದ ನಿರ್ದೇಶಕರು ನಾವೇ ತಾನೇ? ಚೀಟಿ ನೋಡದೆ ಹೇಳಿದೆವು, "ಅದು ಸಕ್ಕರೆಗೆ, ಇದು ಎದೆಗೆ. ಎರಡೂ ತಗೋ ಅವ್ವಾ. ಒಂದು ಬಿಟ್ಟರೆ ಹೆಚ್ಚುಕಮ್ಮಿ ಆದೀತು." ಈ ಮಾತು ಆಡಿದ್ದು ಆಸ್ಪತ್ರೆಯವರಲ್ಲ, ಮೆಡಿಕಲ್ ಶಾಪಿನವರಲ್ಲ, ನಾವು.

ನಾಲ್ಕನೇ ದಿನ ಬೆಳಗಿನ ಜಾವ ಹಾಲು ಕರೆಯಲು ಎದ್ದ ನಮ್ಮ ಮನೆಯವರು ಅತ್ತೆಯನ್ನು ಕೂಗಿದರೆ ಮಾತಿಲ್ಲ. ಸೀರೆಯೆಲ್ಲ ಬೆವರಿನಿಂದ ತೊಪ್ಪೆ. ಕಣ್ಣು ಅರೆತೆರೆದಿದೆ, ಗುರುತು ಹತ್ತುತ್ತಿಲ್ಲ. ಅಕ್ಕಪಕ್ಕದವರು ಸೇರಿದರು. ಒಬ್ಬರು ಗಾಳಿ ಸೋಕಿದೆ ಎಂದರು, ಒಬ್ಬರು ಪಾರ್ಶ್ವವಾಯು ಎಂದರು, ಇನ್ನೊಬ್ಬರು ವಯಸ್ಸಾಯಿತಲ್ಲಪ್ಪ ಎಂದರು. ಒಬ್ಬರು ಬಾಯಿಗೆ ನೀರು ಬಿಡಲು ಹೋದರು. 108ಕ್ಕೆ ಫೋನ್ ಮಾಡಿದೆವು. ಈ ಸಲ ಹತ್ತಿರದ ಬೇರೆ ಆಸ್ಪತ್ರೆಗೆ ಒಯ್ದೆವು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 38. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ ಎನ್ನುತ್ತಾರೆ. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಸ್ವಲ್ಪ ಹೊತ್ತಿಗೆ ಅವ್ವ ಕಣ್ಣು ಬಿಟ್ಟು, "ಹಸ ಕರೆದ್ರಾ?" ಎಂದು ಕೇಳಿದರು. ನಾವು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತುಕೊಂಡೆವು.

ಅಲ್ಲಿದ್ದ ಸಿಸ್ಟರ್ ಒಬ್ಬರು, ವಯಸ್ಸಿನಲ್ಲಿ ನಮಗಿಂತ ಚಿಕ್ಕವರು, ಬಂದು ಹೇಳಿದರು, "ಅಣ್ಣಾ, ಅಜ್ಜಿ ಮನೇಲಿ ತಗೊಳ್ಳೋ ಮಾತ್ರೆ ಎಲ್ಲಾನೂ ತರಿಸಿ. ಒಂದೂ ಬಿಡಬೇಡಿ, ಡಬ್ಬಿ ಸಮೇತ ತರಿಸಿ." ನಮ್ಮ ತಮ್ಮ ಬೈಕಿನಲ್ಲಿ ಹೋಗಿ ಹಳೇ ಬಿಸ್ಕತ್ ಡಬ್ಬಿ ತಂದ. ಆಯಮ್ಮ ಮಂಚದ ಮೇಲೆ ಒಂದು ಪೇಪರ್ ಹಾಸಿ, ಡಬ್ಬಿ ಬೋರಲು ಹಾಕಿ, ನಾವು ಅಡಿಕೆ ಆರಿಸುವ ಹಾಗೆ ಒಂದೊಂದೇ ಪಟ್ಟಿ ಎತ್ತಿ ನೋಡಿ ಬೇರೆ ಬೇರೆ ಗುಡ್ಡೆ ಮಾಡಿದರು. ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆಯುತ್ತಾ ಹೋದರು.

ಸಿಕ್ಕಿದ್ದು ಏನು ಎಂಬುದನ್ನು ಕೇಳಿ. ಅವ್ವ ಮೊದಲಿಂದ ತೆಗೆದುಕೊಳ್ಳುತ್ತಿದ್ದ ಸಕ್ಕರೆ ಮಾತ್ರೆಯ ಹೆಸರು ಒಂದು. ದೊಡ್ಡ ಊರಿನಲ್ಲಿ ಬರೆದುಕೊಟ್ಟ ಮಾತ್ರೆಯ ಹೆಸರು ಇನ್ನೊಂದು. ಕಂಪನಿ ಬೇರೆ, ಬಣ್ಣ ಬೇರೆ, ಬೆಲೆ ಬೇರೆ. ಒಳಗಿರುವ ಔಷಧ ಮಾತ್ರ ಒಂದೇ, ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್. ನಾವು ಎದೆಗೆ ಎಂದುಕೊಂಡು ಕೊಡಿಸಿದ್ದು ಸಕ್ಕರೆ ಮಾತ್ರೆಯೇ. ಮೂರು ದಿನ ಅವ್ವ ಸಕ್ಕರೆ ಇಳಿಸುವ ಔಷಧವನ್ನು ದುಪ್ಪಟ್ಟು ನುಂಗಿದ್ದರು. ಮೇಲಾಗಿ ಕಾಯಿಲೆ ಬಿದ್ದೆದ್ದವರು, ಒಂದು ಮುದ್ದೆ ಉಣ್ಣುವವರು ಅರ್ಧ ಮುದ್ದೆಗೆ ಇಳಿದಿದ್ದರು. ಬಿ.ಪಿ. ಮಾತ್ರೆಯದೂ ಇದೇ ಕಥೆ, ಹಳೆಯದೂ ಹೊಸದೂ ಎರಡೂ ನಡೆಯುತ್ತಿದ್ದವು. ಮಂಡಿ ನೋವಿಗೆ ಎಂದು ಅಂಗಡಿಯಿಂದ ತಂದ ಮಾತ್ರೆ ಒಂದು ಪಟ್ಟಿ. ಅವ್ವನ ಕಿಡ್ನಿಗೆ ಅದು ಆಗಬಾರದು ಎಂದು ಡಾಕ್ಟರು ಆಮೇಲೆ ಹೇಳಿದರು. ಅವಧಿ ಮುಗಿದ ಮಾತ್ರೆ ಒಂದು ಪಟ್ಟಿ. ಡಬ್ಬಿಯ ತಳದಲ್ಲಿ ಹೃದಯದ ಮಾತ್ರೆಯ ಅರ್ಧ ಪಟ್ಟಿ ಇತ್ತು. ಅದು ತೀರಿಹೋದ ನಮ್ಮ ತಂದೆಯವರದು. "ಅದನ್ನ ನಾನು ನುಂಗಲ್ಲಮ್ಮ, ಸುಮ್ನೆ ಇಟ್ಕಂಡಿದೀನಿ" ಎಂದರು ಅವ್ವ. ಸಿಸ್ಟರ್ ಏನೂ ಅನ್ನಲಿಲ್ಲ. ಅದನ್ನು ಒಂದು ಕಾಗದದಲ್ಲಿ ಸುತ್ತಿ ನಮ್ಮ ಕೈಗೆ ಕೊಟ್ಟು, "ಇದು ಬೇರೆ ಕಡೆ ಇಡಿ ಅಣ್ಣಾ" ಎಂದರು.

"ಯಾವ್ದು ಬಿಡಬೇಕು ಹೇಳಿ ತಾಯಿ" ಎಂದು ನಾವು ಕೇಳಿದೆವು. ಆಯಮ್ಮ ಹೇಳಿದ ಮಾತು ಇವತ್ತಿಗೂ ನಮ್ಮ ಕಿವಿಯಲ್ಲಿದೆ. "ಬಿಡಿ ಅಂತ ನಾನು ಹೇಳೋ ಹಂಗಿಲ್ಲ, ಅದು ಡಾಕ್ಟ್ರು ಹೇಳ್ಬೇಕು. ಆದ್ರೆ ಇವೆರಡೂ ಒಂದೇ ಅಂತ ಡಾಕ್ಟ್ರ ಕಣ್ಣಿಗೆ ಬೀಳ್ಸೋದು ನನ್ ಕೆಲಸ." ಹಾಗೆಯೇ ಮಾಡಿದರು. ಡಾಕ್ಟರು ರೌಂಡಿಗೆ ಬಂದಾಗ ಆ ಹಾಳೆ ಮುಂದೆ ಹಿಡಿದರು. ಡಾಕ್ಟರು ಕೆಲವಕ್ಕೆ ಅಡ್ಡಗೆರೆ ಹೊಡೆದರು, ಕೆಲವಕ್ಕೆ ಪ್ರಮಾಣ ತಿದ್ದಿದರು, ಕೆಳಗೆ ಸಹಿ ಹಾಕಿದರು. ಆ ಜಾತಿಯ ಸಕ್ಕರೆ ಮಾತ್ರೆಯ ಜೋರು ಬೇಗ ಇಳಿಯುವುದಿಲ್ಲವಂತೆ, ಎದ್ದು ಕೂತ ಮೇಲೂ ಸಕ್ಕರೆ ಮತ್ತೆ ಕುಸಿಯಬಹುದಂತೆ. ಎರಡು ದಿನ ಇಟ್ಟುಕೊಂಡು ಕಳಿಸಿದರು.

ಕಳಿಸುವ ದಿನ ಸಿಸ್ಟರ್ ಇನ್ನೊಂದು ಕೆಲಸ ಮಾಡಿದರು. ನಮ್ಮ ಅವ್ವನಿಗೆ ಓದು ಬಾರದು. ಪ್ರತಿ ಪಟ್ಟಿಯ ಬೆನ್ನ ಮೇಲೆ ಬೆಳಿಗ್ಗೆಯದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರನ ಗುರುತು ಬರೆದರು. ಆಮೇಲೆ, "ಈಗ ನೀವು ಹೇಳಿ ಅಜ್ಜಿ, ನಾನು ಕೇಳ್ತೀನಿ" ಎಂದು ಎದುರಿಗೆ ಕೂತರು. ಅವ್ವ ಎರಡು ಸಲ ತಪ್ಪಿದರು, ಮೂರನೇ ಸಲ ಸರಿಯಾಗಿ ಒಪ್ಪಿಸಿದರು. ಅಷ್ಟಾದ ಮೇಲೆಯೇ ಕಳಿಸಿದ್ದು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಈ ಅರ್ಧ ಗಂಟೆ ಮೊದಲ ಆಸ್ಪತ್ರೆಯಿಂದ ಬರುವ ದಿನ ಸಿಕ್ಕಿದ್ದರೆ ಆ ಬೆಳಗಿನ ಜಾವ ನಮ್ಮ ಮನೆಗೆ ಬರುತ್ತಿರಲಿಲ್ಲ.

ಮಹನೀಯರೇ, ಆ ಸಿಸ್ಟರ್ ಮಾಡಿದ್ದು ಏನು? ನಮ್ಮ ಕಾರ್ಯದರ್ಶಿಗಳು ಮಾಡುವುದನ್ನೇ ಮಾಡಿದರು. ಮನೆಯಲ್ಲಿದ್ದ ಹಳೇ ಮಾತ್ರೆ ಆರಂಭ ಶಿಲ್ಕು. ಆಸ್ಪತ್ರೆಯಲ್ಲಿ ಹೊಸದಾಗಿ ಬಂದದ್ದು ಜಮಾ. ಡಾಕ್ಟರು ನಿಲ್ಲಿಸಿದ್ದು ಖರ್ಚು. ಮನೆಗೆ ಹೋಗಿ ನುಂಗಬೇಕಾದ್ದು ಅಖೈರು ಶಿಲ್ಕು. ನಾವು ಆರಂಭ ಶಿಲ್ಕನ್ನು ತೋರಿಸದೆ ಜಮಾ ಒಂದನ್ನೇ ಹಿಡಿದುಕೊಂಡು ಬಂದಿದ್ದೆವು. ಲೆಕ್ಕ ತಪ್ಪಿತು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ವಿಚಾರಿಸಿದಾಗ ತಿಳಿದದ್ದು, ಲೋಕದಲ್ಲೆಲ್ಲ ಇರುವ ತೊಂದರೆ ಇದು. ವಿಶ್ವ ಆರೋಗ್ಯ ಸಂಸ್ಥೆಯವರು 2017ರಲ್ಲಿ ಔಷಧದಿಂದ ಆಗುವ ಹಾನಿ ತಪ್ಪಿಸಬೇಕೆಂದು ಜಗತ್ತಿಗೆಲ್ಲ ಒಂದು ಕಾರ್ಯಕ್ರಮ ಹಾಕಿಕೊಂಡರು. ಎಲ್ಲಿ ಹೆಚ್ಚು ತಪ್ಪಾಗುತ್ತದೆ ಎಂದು ಅವರು ಗುರುತಿಸಿದ ಜಾಗಗಳಲ್ಲಿ ಒಂದು, ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಹೊತ್ತು. ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಆಸ್ಪತ್ರೆಯಿಂದ ಮನೆಗೆ. ಇನ್ನೊಂದು, ಒಬ್ಬರೇ ಬಹಳ ಬಗೆಯ ಮಾತ್ರೆ ತೆಗೆದುಕೊಳ್ಳುವುದು. ಸೆಪ್ಟೆಂಬರ್ 17ರಂದು ಆಚರಿಸುವ ವಿಶ್ವ ರೋಗಿ ಸುರಕ್ಷತಾ ದಿನಕ್ಕೆ 2022ರಲ್ಲಿ ಔಷಧ ಸುರಕ್ಷತೆಯನ್ನೇ ವಿಷಯವಾಗಿ ಇಟ್ಟಿದ್ದರು.

ನಮ್ಮ ರಾಜ್ಯದಲ್ಲಿ ಒಳ್ಳೆಯ ಕೆಲಸವೂ ನಡೆದಿದೆ. ನೂರಾ ಹೆಲ್ತ್ ಎಂಬ ಸಂಸ್ಥೆ 2014ರಲ್ಲಿ ಹುಟ್ಟಿ, ಮೊದಲು ನಾರಾಯಣ ಹೃದಯಾಲಯದ ಆಸ್ಪತ್ರೆಗಳಲ್ಲಿ, ಆಮೇಲೆ ಕರ್ನಾಟಕವೂ ಸೇರಿದ ಹಾಗೆ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ, ಸಿಸ್ಟರುಗಳ ಮೂಲಕ ರೋಗಿಯ ಮನೆಯವರಿಗೆ ವಾರ್ಡಿನಲ್ಲೇ ಪಾಠ ಹೇಳಿಸುವ ಪದ್ಧತಿ ತಂದಿತು. ಮನೆಗೆ ಹೋದ ಮೇಲೆ ಹೇಗೆ ನೋಡಿಕೊಳ್ಳಬೇಕು, ಯಾವ ಲಕ್ಷಣ ಕಂಡರೆ ತಡಮಾಡದೆ ವಾಪಸ್ ಬರಬೇಕು ಎಂಬ ಪಾಠ. ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಿಂದಲೇ ಔಷಧ ಶಾಸ್ತ್ರ ಓದಿದವರು ವಾರ್ಡಿಗೆ ಬಂದು ರೋಗಿಯ ಮಾತ್ರೆಗಳನ್ನು ಪರಿಶೀಲಿಸುವ ಕೆಲಸ ಶುರುವಾಯಿತು. 2008ರಿಂದ ದೇಶದಲ್ಲಿ ಫಾರ್ಮ್.ಡಿ. ಎಂಬ ಆರು ವರ್ಷದ ಓದು ಬಂದಿದೆ, ಅದರಲ್ಲಿ ಆಸ್ಪತ್ರೆಯ ಕೆಲಸವೂ ಸೇರಿದೆ. ಫಾರ್ಮಸಿ ಕಾಲೇಜು ಎಂದರೆ ಎಲ್ಲೋ ಇರುವುದಲ್ಲ, ನಮ್ಮ ದುರ್ಗದಲ್ಲೇ ಎಸ್.ಜೆ.ಎಂ. ಫಾರ್ಮಸಿ ಕಾಲೇಜು ಇದೆ. ಓದಿದ ಮಕ್ಕಳಿದ್ದಾರೆ, ಕೇಳುವವರು ಬೇಕು.

ಸಿಸ್ಟರುಗಳನ್ನು ದೂರುವುದಕ್ಕೆ ನಾವು ಇಲ್ಲಿ ನಿಂತಿಲ್ಲ. ಒಬ್ಬ ಸಿಸ್ಟರ್ ಎಷ್ಟು ಮಂಚ ನೋಡಬೇಕು, ಎಷ್ಟು ಜನಕ್ಕೆ ಸೂಜಿ, ಎಷ್ಟು ಜನಕ್ಕೆ ಡ್ರಿಪ್ಪು, ನಡುವೆ ಎಷ್ಟು ಬರೆಯುವ ಕೆಲಸ ಎಂದು ಎಂಟು ದಿನ ಆಸ್ಪತ್ರೆಯ ನೆಲದ ಮೇಲೆ ಮಲಗಿ ನೋಡಿದ್ದೇವೆ. ಅವರಿಗೆ ಆ ಅರ್ಧ ಗಂಟೆ ಸಿಗುವಂತೆ ಮಾಡುವುದು ಆಸ್ಪತ್ರೆ ನಡೆಸುವವರ ಹೊಣೆ, ಸರ್ಕಾರದ ಹೊಣೆ. ಆದರೆ ಹಳೇ ಮಾತ್ರೆ ಇರುವುದು ನಮ್ಮ ಮನೆಯಲ್ಲಿ. ಡಬ್ಬಿಯೊಳಗೆ ಏನಿದೆ ಎಂದು ನಾವು ತೋರಿಸದೆ ಅವರಿಗೆ ಹೇಗೆ ಗೊತ್ತಾಗಬೇಕು?

ಲೆಕ್ಕ ಇನ್ನೊಂದು ರೀತಿಯಲ್ಲೂ ತಪ್ಪುತ್ತದೆ. ನಮ್ಮದು ಹೆಚ್ಚು ನುಂಗಿ ಆದದ್ದು. ಹಿರಿಯೂರು ಕಡೆಯ ನಮ್ಮ ನೆಂಟರ ಹುಡುಗನಿಗೆ ಬಿಟ್ಟು ಆಯಿತು. ಅವನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ, ದಿನಾ ಮಾತ್ರೆ. ಬೈಕಿನಿಂದ ಬಿದ್ದು ಕಾಲು ಮುರಿದು ಆಪರೇಷನ್ ಆಯಿತು. ಮನೆಗೆ ಬರುವಾಗ ಕೊಟ್ಟ ಚೀಟಿಯಲ್ಲಿ ಮೂಳೆಗೆ, ನೋವಿಗೆ, ಗಾಯಕ್ಕೆ ಮಾತ್ರೆ ಇತ್ತು, ಮೂರ್ಛೆಯದು ಇರಲಿಲ್ಲ. ಚೀಟಿಯಲ್ಲಿ ಇಲ್ಲದ್ದು ಬೇಡದ್ದು ಎಂದು ಮನೆಯವರು ತಿಳಿದರು. ತಿಂಗಳೊಳಗೆ ಮೂರ್ಛೆ ಬಂದು, ರಾಡು ಹಾಕಿದ ಕಾಲಿಗೆ ಮತ್ತೆ ಪೆಟ್ಟಾಯಿತು. ಅಲ್ಲಿ ಯಾರೂ ಆ ಮಾತ್ರೆ ನಿಲ್ಲಿಸಿ ಎಂದಿರಲಿಲ್ಲ. ಅದು ಇದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಆದ್ದರಿಂದ ನಾವು ಕಲಿತದ್ದನ್ನು, ಡಾಕ್ಟರನ್ನೂ ಸಿಸ್ಟರನ್ನೂ ಕೇಳಿ ತಿಳಿದದ್ದನ್ನು, ತಮ್ಮ ಮುಂದೆ ಸರಳವಾಗಿ ಇಡುತ್ತೇವೆ.

ಮೊದಲನೆಯದು, ಆಸ್ಪತ್ರೆಗೆ ಹೋಗುವಾಗ ಮಾತ್ರೆ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಮೆಡಿಕಲ್ ಶಾಪಿನಿಂದ ಕೇಳಿ ತಂದ ನೋವಿನ ಮಾತ್ರೆ, ಇನ್ಸುಲಿನ್, ಕಣ್ಣಿನ ಹನಿ, ಉಬ್ಬಸದ ಪಂಪು, ನಾಟಿ ಔಷಧ, ಕಷಾಯ, ಲೇಹ್ಯ, ಎಲ್ಲವೂ ಅದರಲ್ಲಿ ಸೇರಿತು. ನಾಟಿ ಔಷಧ ಎಂದರೆ ಡಾಕ್ಟರು ಬೈದಾರು ಎಂದು ಮುಚ್ಚಿಡಬೇಡಿ. ಬೈಗುಳ ಒಂದು ಗಳಿಗೆಯದು.

ಎರಡನೆಯದು, ಬರುವ ದಿನ ಬಿಲ್ಲು ಕಟ್ಟಿದ ಮೇಲೆ ಓಡಿ ಬರಬೇಡಿ. ಸಿಸ್ಟರನ್ನು ನಾಲ್ಕು ಮಾತು ಕೇಳಿ. ಹಳೆಯದರಲ್ಲಿ ಯಾವುದು ಮುಂದುವರಿಯಬೇಕು? ಯಾವುದು ನಿಂತಿತು? ಯಾವುದರ ಪ್ರಮಾಣ ಬದಲಾಯಿತು? ಹೊಸದು ಯಾವುದು, ಯಾತಕ್ಕೆ, ಎಷ್ಟು ದಿನ? ಅವರು ಹೇಳಿದ ಮೇಲೆ ನೀವು ತಿರುಗಿ ಒಪ್ಪಿಸಿ. ಮನೆಯಲ್ಲಿ ಮಾತ್ರೆ ಕೊಡುವವರು ಸೊಸೆಯಾದರೆ ಸೊಸೆಯೇ ಆ ಹೊತ್ತಿಗೆ ಅಲ್ಲಿರಬೇಕು. ಗಂಡಸು ಕೇಳಿಸಿಕೊಂಡು ಬಂದು ಅರ್ಧ ಮರೆತು ಹೇಳುವುದರಿಂದ ಉಪಯೋಗವಿಲ್ಲ.

ಮೂರನೆಯದು, ಚೀಟಿಯ ಭಾಷೆ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓ.ಡಿ. ಎಂದರೆ ದಿನಕ್ಕೊಮ್ಮೆ, ಬಿ.ಡಿ. ಎಂದರೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಎಚ್.ಎಸ್. ಎಂದರೆ ಮಲಗುವಾಗ, ಎಸ್.ಓ.ಎಸ್. ಎಂದರೆ ಬೇಕಾದಾಗ ಮಾತ್ರ. ಪಟ್ಟಿಯ ಮೇಲೆ ಎರಡು ಹೆಸರಿರುತ್ತವೆ. ಒಂದು ಕಂಪನಿ ಇಟ್ಟ ಹೆಸರು, ಇನ್ನೊಂದು ಒಳಗಿರುವ ಔಷಧದ ಹೆಸರು. ಹಸುವಿಗೆ ನಾವು ಗೌರಿ ಅಂತಲೋ ಗಂಗೆ ಅಂತಲೋ ಹೆಸರಿಡುತ್ತೇವೆ, ತಳಿ ಮಾತ್ರ ಒಂದೇ ಇರಬಹುದು. ತಳಿ ನೋಡಿ. ಜನೌಷಧಿ ಕೇಂದ್ರದಲ್ಲಿ ಒಳಗಿನ ಔಷಧದ ಹೆಸರಿನಲ್ಲೇ ಕೊಡುತ್ತಾರೆ, ಕಡಿಮೆ ಬೆಲೆಗೆ ಸಿಗುತ್ತದೆ, ಒಳ್ಳೆಯದೇ. ಆದರೆ ಅದನ್ನು ತಂದ ಮೇಲೆ ಕಂಪನಿ ಹೆಸರಿನ ಹಳೇ ಪಟ್ಟಿಯನ್ನೂ ಜೊತೆಗೆ ನುಂಗಿದರೆ ನಮ್ಮ ಅವ್ವನಿಗೆ ಆದದ್ದೇ ಆಗುತ್ತದೆ.

ನಾಲ್ಕನೆಯದು, ಕೆಲವು ಮಾತ್ರೆಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು. ಮೂರ್ಛೆ ಮಾತ್ರೆಯೂ ಹಾಗೆಯೇ. ಬಹಳ ದಿನದಿಂದ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ವಾರಕ್ಕೆ ಒಂದು ದಿನ ಮಾತ್ರ. ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಡಬಾರದು. ಊಟವೇ ಸೇರದಿದ್ದರೆ ಔಷಧ ಹೇಗೆ ಎಂದು ಕೇಳಬೇಕು. ಬೆವರು, ನಡುಕ, ತಲೆಸುತ್ತು ಬಂದು ಎಚ್ಚರವಿದ್ದರೆ ತಕ್ಷಣ ಸಕ್ಕರೆಯನ್ನೋ ಬೆಲ್ಲದ ನೀರನ್ನೋ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುಕಟ್ಟುತ್ತದೆ. 108ಕ್ಕೆ ಕರೆ ಮಾಡಿ.

ಐದನೆಯದು, ಮನೆಗೆ ಬಂದ ವಾರದೊಳಗೆ ಆ ಪಟ್ಟಿಯನ್ನು ನಿಮ್ಮ ಹತ್ತಿರದ ಡಾಕ್ಟರಿಗೆ, ಇಲ್ಲವಾದರೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ, ಆಶಾ ಕಾರ್ಯಕರ್ತೆಗೆ ತೋರಿಸಿ. ಹೊಸದು ಬಂದದ್ದು ಹಳೇ ಡಾಕ್ಟರಿಗೂ ಗೊತ್ತಾಗಬೇಕು. ನಿಲ್ಲಿಸಿದ ಮಾತ್ರೆಯನ್ನು ಅದೇ ಡಬ್ಬಿಯಲ್ಲಿ ಇಡಬೇಡಿ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಭಾಷಣ ಕೇಳಿದವರು ಮನೆಗೆ ಹೋಗಿ ತಾವೇ ಡಾಕ್ಟರಾಗಿ ಮಾತ್ರೆ ನಿಲ್ಲಿಸಬೇಡಿ. ತಾಳೆ ನೋಡುವುದು ನಮ್ಮ ಕೆಲಸ, ತೀರ್ಮಾನ ಡಾಕ್ಟರದು. ಆ ಸಿಸ್ಟರಿಗೇ ಇಲ್ಲದ ಅಧಿಕಾರ ನಮಗೆ ಎಲ್ಲಿಂದ ಬರಬೇಕು?

ಬರೆದಿಡುವುದರಿಂದ ಏನು ಬರುತ್ತದೆ ಎಂದು ಕೆಲವರು ಕೇಳಬಹುದು. ನಮ್ಮ ಮಾರಿ ಕಣಿವೆಯನ್ನೇ ನೋಡಿ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕೆಲಸ ಶುರುವಾಗಿ 1907ರ ಹೊತ್ತಿಗೆ ವಾಣಿವಿಲಾಸ ಸಾಗರ ಕಟ್ಟಿ ಮುಗಿಸಿದರು. 2022ರ ಸೆಪ್ಟೆಂಬರಿನಲ್ಲಿ 130 ಅಡಿ ತುಂಬಿ ಕೋಡಿ ಬಿದ್ದಾಗ ಹಿರಿಯೂರು, ಹೊಸದುರ್ಗದ ಜನರೆಲ್ಲ ಜಾತ್ರೆಯ ಹಾಗೆ ನೋಡಲು ಹೋದೆವು. ಇದಕ್ಕೆ ಮುಂಚೆ ತುಂಬಿದ್ದು 1933ರಲ್ಲಿ ಎಂದು ಎಲ್ಲರೂ ಹೇಳಿದರು. ಹೇಗೆ ಹೇಳಿದರು? ಆಗ ಕಂಡವರು ಈಗ ಎಷ್ಟು ಜನ ಉಳಿದಿದ್ದಾರೆ? ಯಾರೋ ಪುಣ್ಯಾತ್ಮರು ನೀರಿನ ಮಟ್ಟ ನೋಡಿ ಬರೆದಿಟ್ಟಿದ್ದರು, ಅದಕ್ಕೆ ಗೊತ್ತು. ಹಳೇ ಕಾಲದ ನೀರಿಗೂ ಲೆಕ್ಕ ಇಟ್ಟ ಜಿಲ್ಲೆ ನಮ್ಮದು. ಮನೆಯ ಹಿರಿಯರ ಆರು ಮಾತ್ರೆಗೆ ಲೆಕ್ಕ ಇಡಲು ಆಗದೇ?

ಇನ್ನು ಸಂಘದ ಮಾತು. ನಮ್ಮ ಸಂಘ ಇನ್ನೂ ಎಳೆಗರುವಾಗಿದ್ದ ಕಾಲದಲ್ಲಿ, 2003ರಲ್ಲಿ, ಯಶಸ್ವಿನಿ ಯೋಜನೆ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯರು ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ವಂತಿಗೆ ಕೊಟ್ಟು ಆಪರೇಷನ್ ಮಾಡಿಸಿಕೊಳ್ಳುವ ಭಾಗ್ಯ ಬಂತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದೊಳಗೆ ಸೇರಿ ನಿಂತುಹೋದಾಗ ನಾವೆಲ್ಲ ಪೇಚಾಡಿದೆವು. 2022ರ ಕೊನೆಯಲ್ಲಿ ಮತ್ತೆ ನೋಂದಣಿ ಶುರುವಾಗಿ 2023ರಿಂದ ಸೌಲಭ್ಯ ಮರಳಿ ಬಂತು. ಆಪರೇಷನ್ನಿಗೆ ಹೋಗುವವರೆಗೆ ಸಂಘ ನಮ್ಮ ಜೊತೆಗಿದೆ. ಆಪರೇಷನ್ ಆಗಿ ಮನೆಗೆ ಬಂದ ಮೇಲಿನ ಹದಿನೈದು ದಿನಕ್ಕೆ ನಮಗೆ ಯಾರೂ ಇಲ್ಲ. ತಪ್ಪು ಆಗುವುದು ಆ ಹದಿನೈದು ದಿನದಲ್ಲೇ.

ಅದಕ್ಕೆ ನಮ್ಮದೊಂದು ಸಲಹೆ. ಹಾಲಿನ ಕಾರ್ಡಿನ ಹಾಗೆ ಪ್ರತಿ ಸದಸ್ಯರ ಮನೆಗೂ ಸಂಘದಿಂದ ಒಂದು ಮಾತ್ರೆ ಕಾರ್ಡು ಅಚ್ಚು ಹಾಕಿಸಿ ಕೊಡೋಣ. ದಪ್ಪ ರಟ್ಟು, ಕನ್ನಡ ಅಕ್ಷರ. ಒಳಗಿನ ಔಷಧದ ಹೆಸರು, ಯಾತಕ್ಕೆ, ಬೆಳಿಗ್ಗೆ ಮಧ್ಯಾಹ್ನ ರಾತ್ರಿ, ಶುರುವಾದ ದಿನ, ನಿಂತ ದಿನ, ಆಗದ ಔಷಧ ಯಾವುದು, ಇಷ್ಟೇ ಕಲಮು. ಓದು ಬಾರದವರಿಗೆ ಸೂರ್ಯ ಚಂದ್ರ. ಆಸ್ಪತ್ರೆಗೆ ಹೋಗುವಾಗ ಆಧಾರ್ ಕಾರ್ಡಿನ ಜೊತೆ ಅದೂ ಇರಲಿ, ಬರುವಾಗ ಅದರಲ್ಲಿ ಸಿಸ್ಟರ ಕೈಯಲ್ಲೇ ಬರೆಸಿಕೊಂಡು ಬರೋಣ. ಕಾರ್ಡು ಮುಂದೆ ಇಟ್ಟರೆ ಎಷ್ಟೇ ಅವಸರದಲ್ಲಿದ್ದ ಸಿಸ್ಟರೂ ಒಂದು ಗಳಿಗೆ ನಿಲ್ಲುತ್ತಾರೆ ಎಂಬ ನಂಬಿಕೆ ನಮಗಿದೆ. ಇದಕ್ಕೆ ಬೀಳುವ ಖರ್ಚು ರಜತ ಮಹೋತ್ಸವದ ಶಾಮಿಯಾನದ ಖರ್ಚಿಗಿಂತ ಕಡಿಮೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನು ವಿಷಯ ಪಟ್ಟಿಗೆ ತರುತ್ತೇವೆ, ತಾವು ಕೈ ಎತ್ತಬೇಕು.

ನಮ್ಮ ಅವ್ವ ಈಗಲೂ ಗಟ್ಟಿಯಾಗಿದ್ದಾರೆ. ಇದೇ ಸಭೆಯಲ್ಲಿ, ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವತ್ತು ಅವರು ಹೋಗಿಬಿಟ್ಟಿದ್ದರೆ ಊರೆಲ್ಲ ವಯಸ್ಸಾಗಿತ್ತು ಬಿಡಪ್ಪಾ ಎನ್ನುತ್ತಿತ್ತು. ನಾವೂ ಹಾಗೇ ನಂಬಿ ತಿಥಿ ಮಾಡಿ ಸುಮ್ಮನಾಗುತ್ತಿದ್ದೆವು. ನಮ್ಮ ಒಂದು ಮಾತಿನಿಂದ ಹೋದರು ಎಂಬುದು ನಮಗೇ ತಿಳಿಯುತ್ತಿರಲಿಲ್ಲ. ವಯಸ್ಸಾಗಿತ್ತು ಎಂದು ನಾವು ಮಣ್ಣು ಮಾಡಿ ಬಂದವರಲ್ಲಿ ಎಷ್ಟು ಮಂದಿ ಹೀಗೆ ಹೋದರೋ ಎಂದು ರಾತ್ರಿ ಒಮ್ಮೊಮ್ಮೆ ಯೋಚನೆ ಬರುತ್ತದೆ. ಅದಕ್ಕೇ ಇಷ್ಟು ಜನರ ಮುಂದೆ ತಪ್ಪು ಒಪ್ಪಿಕೊಂಡು ನಿಂತಿದ್ದೇವೆ.

ಇವತ್ತು ಶಿಬಿರ ಮುಗಿಸಿ ಮನೆಗೆ ಹೋದ ಕೂಡಲೇ ಮಾತ್ರೆ ಡಬ್ಬಿಯನ್ನು ಒಮ್ಮೆ ಪೇಪರ್ ಮೇಲೆ ಸುರಿದು ನೋಡಿ. ಅನುಮಾನ ಬಂದದ್ದನ್ನು ನಾಳೆ ಬೆಳಿಗ್ಗೆ ಹಾಲು ಹಾಕಲು ಬರುವಾಗ ತನ್ನಿ. ಶಿಬಿರದ ಸಿಸ್ಟರವರು ನಾಳೆಯೂ ಡೈರಿಯಲ್ಲಿ ಇರಲು ಒಪ್ಪಿದ್ದಾರೆ. ನಮ್ಮ ಮಾತಿನಲ್ಲಿ ತಪ್ಪಿದ್ದರೆ ಡಾಕ್ಟರವರು ತಿದ್ದಬೇಕು, ಹಿರಿಯರು ಮನ್ನಿಸಬೇಕು.